ಸ್ಯಾಂಕಿ ಕೆರೆಯ ದಂಡೆಯಲ್ಲಿ ಅಪ್ಪನ ಜೊತೆ ಒಂದು ದಿನ

ಊರಿಂದ ಬೆಂಗಳೂರಿಗೆ ಬಂದವರನ್ನು ಎಲ್ಲೆಲ್ಲಿ ಸುತ್ತಿಸಬೇಕು ಅನ್ನೋದಕ್ಕೆ ನನ್ನ ಹತ್ತಿರ ಒಂದು ಪಟ್ಟಿಯೇ ಇದೆ. ಲಾಲ್‌ಬಾಗು, ಕಬ್ಬನ್ ಪಾರ್ಕು, ವಿಧಾನಸೌಧದ ಮುಂದೆ ಒಂದು ಫೋಟೊ, ಮೆಟ್ರೊದಲ್ಲಿ ಒಂದು ಸುತ್ತು. ಕೊನೆಗೆ ಯಾವುದಾದರೂ ಮಾಲು. ಎಸ್ಕಲೇಟರ್ ಹತ್ತುವಾಗ ನನ್ನ ಚಿಕ್ಕವ್ವ ಕಿರುಚಿದ್ದು ನಮ್ಮ ಇಟಗಿಯಲ್ಲಿ ಇವತ್ತಿಗೂ ನಗುವ ವಿಷಯ.

ಕಣ್ಣಿನ ತಪಾಸಣೆಗೆಂದು ಅಪ್ಪ ಬಂದಿದ್ದ. ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಒಂದು ಚೀಲ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರದ ಜೊತೆ ಇಳಿದ. ಶುಕ್ರವಾರ ಆಸ್ಪತ್ರೆಯ ಕೆಲಸ ಮುಗಿಯಿತು. ಶನಿವಾರ ನನಗೆ ರಜೆ. ಪಟ್ಟಿ ಒಪ್ಪಿಸಿದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು, "ಅವೆಲ್ಲಾ ಇರ್ಲಿ ಯವ್ವಾ. ಸದಾಶಿವನಗರಕ್ಕ ಕರಕೊಂಡು ಹೋಗ್ತಿಯೇನು?" ಅಂದ.

ನನಗೆ ನಗು ಬಂತು. ಸದಾಶಿವನಗರದಲ್ಲಿ ನೋಡೋಕೇನಿದೆ? ಮಂತ್ರಿಗಳು, ಉದ್ಯಮಿಗಳು, ಸಿನಿಮಾದವರು ಇರುವ ಬಡಾವಣೆ. ಎತ್ತರದ ಕಾಂಪೌಂಡು, ಅದರಾಚೆ ಇನ್ನೂ ಎತ್ತರದ ಮನೆ. ಬೆಂಗಳೂರಿಗೆ ಬಂದು ಎಂಟು ವರ್ಷವಾದರೂ ನಾನು ಅಲ್ಲಿ ಇಳಿದು ಓಡಾಡಿದವಳಲ್ಲ. ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ.

"ಅಲ್ಲೇನೈತಪ್ಪಾ?"

"ನಾವು ಕಟ್ಟಿದ ಮನಿ ಐತಿ. ಬಿರುಕು ಬಿಟ್ಟೈತೇನು ನೋಡಿ ಬರೋಣು."

ಆಗ ನನ್ನ ನಗು ನಿಂತಿತು.

ಬರ ತೋಡಿಸಿದ ಕೆರೆ

ಯಶವಂತಪುರದ ನಮ್ಮ ಬಾಡಿಗೆ ಮನೆಯಿಂದ ಬೆಳಿಗ್ಗೆ ಆರೂವರೆಗೆ ಆಟೊ ಹಿಡಿದೆವು. ಕೆರೆಯ ಗೇಟು ಬೆಳಿಗ್ಗೆ ಮತ್ತು ಸಂಜೆ ಮಾತ್ರ ತೆರೆದಿರುತ್ತದೆ, ಮಧ್ಯಾಹ್ನ ಮುಚ್ಚುತ್ತಾರೆ. ಹೋಗುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಗೇಟಿನ ಮುಂದೆ ಅಪ್ಪ ನಿಂತುಬಿಟ್ಟ. ಬಿಳಿ ಧೋತರ, ಟೋಪಿ, ಹೆಗಲ ಮೇಲೆ ಟವೆಲ್. ಒಳಗೆ ಹೋಗುತ್ತಿದ್ದವರೆಲ್ಲ ಬೂಟು ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು.

"ಒಳಗ ಬಿಡ್ತಾರೇನು?"

"ಸರಕಾರದ್ದು ಅಪ್ಪಾ. ಎಲ್ಲಾರೂ ಬರಬಹುದು."

"ಆಗ ನಾವು ಬೇಲಿ ಹೊರಗ ನಿಂತು ನೋಡ್ತಿದ್ವಿ. ಒಳಗ ಬಂದ್ರ ಏನರ ಅಂತಾರೇನೋ ಅಂತ."

ಯಾರೂ ಏನೂ ಅನ್ನಲಿಲ್ಲ. ಒಂದಿಬ್ಬರು ತಿರುಗಿ ನೋಡಿದರು, ಅಷ್ಟೇ. ಮರಗಳ ನೆರಳಿನ ದಾರಿ, ನೀರಿನ ಅಂಚಿನಲ್ಲಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದ ನೀರುಕಾಗೆಗಳು, ಆಚೆ ದಂಡೆಯಲ್ಲಿ ಬಹುಮಹಡಿ ಕಟ್ಟಡಗಳು. ಅಪ್ಪ ಒಂದು ಸುತ್ತು ಪೂರ್ತಿ ಮಾತಿಲ್ಲದೆ ನಡೆದ. ಆಮೇಲೆ ಕೇಳಿದ: "ಎಷ್ಟು ಎಕರೆ ಆಗಬಹುದು?"

ಸುಮಾರು 37 ಎಕರೆ ಎಂದೆ. ನಮ್ಮ ಹೊಲ ನಾಲ್ಕು ಎಕರೆ. ಅಪ್ಪ ಮನಸ್ಸಿನಲ್ಲೇ ಭಾಗಾಕಾರ ಮಾಡಿದ್ದು ಮುಖದಲ್ಲಿ ಗೊತ್ತಾಯಿತು. "ಈ ನೀರು ಯಾವ ಹೊಲಕ್ಕ ಹೋಗ್ತದ?"

"ಯಾವ ಹೊಲಕ್ಕೂ ಇಲ್ಲ. ನೋಡೋಕೆ, ಅಡ್ಡಾಡೋಕೆ."

"ಬರೇ ನೋಡಾಕ?"

ಅಪ್ಪನಿಗೆ ಇದು ಅರ್ಥವಾಗಲಿಲ್ಲ. ಈ ಕೆರೆ ಕಟ್ಟಿದವರಿಗೂ ಆಗುತ್ತಿರಲಿಲ್ಲವೇನೋ. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಹಿಂಡಿದ ಮಹಾ ಬರದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಹಿರಿಯರು ಅದನ್ನೇ ಧಾತು ವರ್ಷದ ಬರ ಅನ್ನುತ್ತಿದ್ದರು. ಅದಾದ ಮೇಲೆ, ಮತ್ತೆ ನೀರಿಗೆ ಹಾಗೆ ಪರದಾಡಬಾರದೆಂದು 1882ರಲ್ಲಿ ಈ ಕೆರೆ ಕಟ್ಟಿದರು. ಮಿಲ್ಲರ್ಸ್ ಕೆರೆ, ಧರ್ಮಾಂಬುಧಿ ಕೆರೆಗಳ ಜೊತೆ ಇದಕ್ಕೆ ಸಂಪರ್ಕವಿತ್ತು. ಧರ್ಮಾಂಬುಧಿ ಇದ್ದ ಜಾಗದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ. ಕೆರೆಗೆ ಹೆಸರು ಬಂದದ್ದು ರಿಚರ್ಡ್ ಸ್ಯಾಂಕಿ ಎಂಬ ಬ್ರಿಟಿಷ್ ಎಂಜಿನಿಯರನಿಂದ. ಕಬ್ಬನ್ ಪಾರ್ಕನ್ನು ರೂಪಿಸಿದವನೂ ಅವನೇ. ಹತ್ತಿರದಲ್ಲಿ ಸರ್ಕಾರದ ಗಂಧದ ಕೋಠಿ ಇದ್ದದ್ದರಿಂದ ಜನ ಇದನ್ನು ಗಂಧದ ಕೋಟಿ ಕೆರೆ ಎಂದೂ ಕರೆಯುತ್ತಿದ್ದರಂತೆ. ಮುಂದೆ 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು. ಈಗ ಬೆಂಗಳೂರು ಕುಡಿಯುವುದು ಕಾವೇರಿ. ಬರಕ್ಕೆ ಹೆದರಿ ಕಟ್ಟಿದ ಕೆರೆ ಈಗ ಫ್ಲ್ಯಾಟುಗಳ ಜಾಹೀರಾತಿನಲ್ಲಿ ಕಿಟಕಿಯಾಚೆಯ ನೋಟ.

ಇದನ್ನೆಲ್ಲ ಹೇಳಿದಾಗ ಅಪ್ಪ ಒಂದು ಕಲ್ಲು ಬೆಂಚಿನ ಮೇಲೆ ಕೂತ. "ಹಂಗಾರ ನಾನೂ ಕೆರೀನೂ ಇಲ್ಲಿಗೆ ಬಂದಿದ್ದು ಒಂದ ಕಾರಣಕ್ಕ" ಅಂದ.

ನಮ್ಮ ಕಡೆಯವರಿಗೆ 'ಗುಳೆ' ಎಂಬ ಪದ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುವುದಾದರೆ, ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ಕಾಳು-ಕಡಿ, ಪಾತ್ರೆ, ಕೌದಿ ಕಟ್ಟಿಕೊಂಡು, ಕೂಲಿ ಸಿಗುವ ಊರಿಗೆ ಸಂಸಾರ ಸಮೇತ ಹೋಗುವುದು. ಕೊಪ್ಪಳ, ಯಲಬುರ್ಗಾ, ಕುಷ್ಟಗಿ ಕಡೆಯಿಂದ ಮಂಗಳೂರು, ಗೋವಾ, ಬೆಂಗಳೂರಿಗೆ ಹೋಗುವ ಬಸ್ಸುಗಳು ಅಂಥ ವರ್ಷ ತುಂಬಿ ತುಳುಕುತ್ತವೆ. 2001ರಿಂದ ಸತತ ಮೂರು ವರ್ಷ ಬರ ಬಿತ್ತು. 2003ರಲ್ಲಿ ದೀಪಾವಳಿ ಮುಗಿಸಿ ಅಪ್ಪ, ಅವ್ವ ಬೆಂಗಳೂರಿಗೆ ಹೋದರು. ಬಂದದ್ದು ಕಾರಹುಣ್ಣಿಮೆಗೆ. ಮೂರು ವರ್ಷದ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಹೋದರು. ಒಂಬತ್ತು ವರ್ಷದ ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟು ಹೋದರು.

ಗಂಡು ಮಗನನ್ನು ಕರೆದುಕೊಂಡು ಹೋದರು, ಹೆಣ್ಣು ಮಗಳನ್ನು ಬಿಟ್ಟರು. ಇಪ್ಪತ್ತು ವರ್ಷ ನಾನು ಇದನ್ನು ಹೀಗೇ ಲೆಕ್ಕ ಹಾಕಿಕೊಂಡು ಬಂದಿದ್ದೇನೆ. ಯಾರಿಗೂ ಹೇಳಿರಲಿಲ್ಲ.

ದೋಸೆ, ನಂದಿ ಮತ್ತು ದೇವಾಲಯ ಚಕ್ರವರ್ತಿ

ಕೆರೆಯಿಂದ ಮಲ್ಲೇಶ್ವರ ನಡೆಯುವಷ್ಟೇ ದೂರ. ಮಾರ್ಗೋಸಾ ರಸ್ತೆಯ ಸಿಟಿಆರ್ ಮುಂದೆ ಹೆಸರು ಬರೆಸಿ ಕಾದು, ಬೆಣ್ಣೆ ಮಸಾಲೆ ತಿಂದೆವು. "ರುಚಿ ಐತಿ. ಆದ್ರ ದ್ವಾಸಿ ತಿನ್ನಾಕ ಪಾಳಿ ಹಚ್ಚೂದ ಮೊದಲ ಸಲ ನೋಡಿದೆ" ಅಂದ ಅಪ್ಪ.

ಅಲ್ಲಿಂದ ಕಾಡು ಮಲ್ಲೇಶ್ವರ. 17ನೇ ಶತಮಾನದ ದೇವಸ್ಥಾನ, ಶಿವಾಜಿ ಮಹಾರಾಜರ ಸಹೋದರ ವೆಂಕೋಜಿಯ ಕಾಲದ್ದು. ಬಡಾವಣೆಗೆ ಮಲ್ಲೇಶ್ವರ ಅನ್ನೋ ಹೆಸರು ಬಂದದ್ದೇ ಈ ದೇವರಿಂದ. ಎದುರಿಗೇ ದಕ್ಷಿಣಮುಖ ನಂದಿ ತೀರ್ಥ. ಮಣ್ಣಿನಡಿ ಮುಚ್ಚಿಹೋಗಿದ್ದ ಇದು 1997ರಲ್ಲಿ ಅಗೆಯುವಾಗ ಸಿಕ್ಕಿತು. ನಂದಿಯ ಬಾಯಿಂದ ನೀರು ಲಿಂಗದ ಮೇಲೆ ಬಿದ್ದು, ಅಲ್ಲಿಂದ ಕಲ್ಯಾಣಿಗೆ ಹರಿಯುತ್ತದೆ.

ಅಪ್ಪ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ನೀರು ಮುಟ್ಟಿದ. "ನಮ್ಮ ಗುಡಿ ಮುಂದಿನ ಪುಷ್ಕರಣಿ ಇದರಪ್ಪನಂಗೈತಿ" ಅಂದ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು "ಯಾವೂರು ನಿಮ್ಮದು?" ಅಂದರು. ಅಷ್ಟು ಸಾಕಾಯಿತು. ಇಟಗಿಯ ಮಹಾದೇವ ದೇವಾಲಯದ ಬಗ್ಗೆ ಅಪ್ಪ ಹದಿನೈದು ನಿಮಿಷ ಮಾತಾಡಿದ. 1112ರಲ್ಲಿ ಕಟ್ಟಿದ್ದು. ಕಲ್ಯಾಣದ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನದಲ್ಲೇ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದ್ದಾರೆ. ಬಳಪದ ಕಲ್ಲಿನ ಕಂಬಗಳು, ತಿರುಗಣಿಯಲ್ಲಿ ತಿರುವಿದಷ್ಟು ನುಣುಪು.

"ಸಿಮೆಂಟಿನ ಒಂದು ಹಿಡಿ ಇಲ್ರೀ, ಒಂಬೈನೂರು ವರ್ಷದಿಂದ ನಿಂತೈತಿ" ಅಂದು, ಸ್ವಲ್ಪ ತಡೆದು, "ದಂಡನಾಯಕ ಹೆಸರು ಕೆತ್ತಿಸ್ಯಾನ. ಕಲ್ಲು ಹೊತ್ತವರಿಗೆ ಪಗಾರ ಕೊಟ್ಟಿದ್ನೋ ಇಲ್ಲೋ ಶಾಸನದಾಗ ಇಲ್ಲ" ಅಂದ. ಹಿರಿಯರು ಜೋರಾಗಿ ನಕ್ಕರು. ಅಪ್ಪ ತಮಾಷೆಗೆ ಹೇಳಿದ ಮಾತಲ್ಲ ಅದು ಅಂತ ನನಗೆ ಮಧ್ಯಾಹ್ನ ಗೊತ್ತಾಯಿತು.

ಹಸಿರು ಪರದೆಯ ಹಿಂದೆ

ಹನ್ನೊಂದೂವರೆಗೆ ಭಾಷ್ಯಂ ವೃತ್ತ ದಾಟಿ ಸದಾಶಿವನಗರದ ಒಳರಸ್ತೆಗಳಿಗೆ ಹೊಕ್ಕೆವು. ಒಂದು ಕಾಲಕ್ಕೆ ಇದು ಅರಮನೆಯ ಹಣ್ಣಿನ ತೋಟಗಳಿದ್ದ ಜಾಗ. ಆ ಹಳೆಯ ಹೆಸರು ಹೋಗಿ ಸ್ವಾತಂತ್ರ್ಯ ಹೋರಾಟಗಾರ ಕಾರ್ನಾಡ್ ಸದಾಶಿವರಾಯರ ಹೆಸರು ಬಂತು. ಮಂಗಳೂರಿನ ಸಿರಿವಂತ ಮನೆತನದ ವಕೀಲರು ಅವರು. ಇದ್ದಬದ್ದದ್ದನ್ನೆಲ್ಲ ಚಳವಳಿಗೆ, ಬಡವರಿಗೆ ಕೊಟ್ಟು, 1937ರಲ್ಲಿ ತೀರಿಕೊಂಡಾಗ ಕೈ ಬರಿದಾಗಿತ್ತು. ಬೆಂಗಳೂರಿನ ಅತಿ ದುಬಾರಿ ಬಡಾವಣೆಗಳಲ್ಲಿ ಒಂದಕ್ಕೆ ಅವರ ಹೆಸರು!

ರಸ್ತೆಗಳಲ್ಲಿ ಜನರೇ ಇರಲಿಲ್ಲ. ಪ್ರತಿ ಗೇಟಿಗೆ ಒಂದು ಗೂಡು, ಗೂಡಿನಲ್ಲಿ ಒಬ್ಬ ಕಾವಲುಗಾರ, ಮೇಲೊಂದು ಕ್ಯಾಮೆರಾ. ಕೂರಲು ಒಂದು ಕಟ್ಟೆ, ಚಹಾ ಕುಡಿಯಲು ಒಂದು ಗೂಡಂಗಡಿ ಹುಡುಕಿದೆವು, ಆ ರಸ್ತೆಗಳಲ್ಲಿ ಕಾಣಲಿಲ್ಲ. ನಮ್ಮೂರಲ್ಲಿ ಯಾರ ಮನೆಯ ಕಟ್ಟೆಯ ಮೇಲೆ ಬೇಕಾದರೂ ಕೂರಬಹುದು. ಇಲ್ಲಿ ಮನೆಗಳಿಗೆ ಕಟ್ಟೆಯೇ ಇಲ್ಲ. ಇಷ್ಟು ದೊಡ್ಡ ಬಡಾವಣೆಯಲ್ಲಿ ನನಗೂ ಅಪ್ಪನಿಗೂ ಕಾಲು ಚಾಚಿ ಕೂರಲು ಸಿಕ್ಕ ಜಾಗ ಅಂದರೆ ಬೆಳಿಗ್ಗೆಯ ಕೆರೆಯ ಬೆಂಚು ಒಂದೇ.

"ಇಲ್ಲೇ ಎಲ್ಲೋ ಅಣ್ಣಾವ್ರ ಮನಿ. ರವಿವಾರ ಕಾಣಸ್ತಾರೇನೋ ಅಂತ ಹೋಗಿ ನಿಂದರತಿದ್ವಿ. ಒಮ್ಮೇನೂ ಕಾಣಲಿಲ್ಲ" ಅಂದ ಅಪ್ಪ. ಡಾ. ರಾಜ್‌ಕುಮಾರ್ ಇದ್ದದ್ದು ಸದಾಶಿವನಗರದಲ್ಲೇ.

ಅಪ್ಪನಿಗೆ ವಿಳಾಸ ಗೊತ್ತಿಲ್ಲ. ಗುರುತು ಗೊತ್ತು. ಇಳಿಜಾರು ರಸ್ತೆ, ಮೂಲೆಯಲ್ಲಿ ದೊಡ್ಡ ಗಿಡ, ಎದುರಿನ ಮನೆಗೆ ಕರಿಕಲ್ಲಿನ ಕಂಬ. ನನ್ನ ಫೋನಿನ ನಕ್ಷೆ ಇದಕ್ಕೆಲ್ಲ ಉಪಯೋಗಕ್ಕೆ ಬರಲಿಲ್ಲ. ಮೂರು ರಸ್ತೆ ಸುತ್ತಿ, ನಾಲ್ಕನೆಯದರಲ್ಲಿ ಅಪ್ಪ ನಿಂತ. ಗಿಡ ಇತ್ತು. ಕರಿಕಲ್ಲಿನ ಕಂಬ ಇತ್ತು. ಅಪ್ಪ ಕಟ್ಟಿದ ಮನೆಯ ಜಾಗದಲ್ಲಿ ಹಸಿರು ಬಲೆಯ ಪರದೆ ಕಟ್ಟಿದ್ದರು.

ಪರದೆ ಸರಿಸಿ ನೋಡಿದರೆ ಮನೆ ಅರ್ಧ ಇಲ್ಲ. ಜೆಸಿಬಿ ಊಟದ ಹೊತ್ತಿಗೆ ಸುಮ್ಮನೆ ನಿಂತಿತ್ತು. ಮೆಟ್ಟಿಲು ಮೇಲೆ ಹೋಗಿ ಆಕಾಶಕ್ಕೆ ಮುಗಿಯುತ್ತಿತ್ತು. ಇನ್ನೂ ದೊಡ್ಡದು ಕಟ್ಟುತ್ತಾರಂತೆ, ನೆಲದಡಿ ಕಾರು ನಿಲ್ಲಿಸುವಂಥದ್ದು. ಇಪ್ಪತ್ತು ವರ್ಷ ಚಿಲ್ಲರೆ. ಒಂದು ಮನೆಗೆ ಅದೇನು ವಯಸ್ಸೇ?

ಅಪ್ಪ ಉಳಿದಿದ್ದ ಗೋಡೆಗೆ ಅಂಗೈ ಒತ್ತಿ ನೋಡಿದ. "ಬಿರುಕು ಬಿಟ್ಟಿಲ್ಲ. ಗಟ್ಟಿ ಐತಿ" ಅಂದ. ಆಮೇಲೆ ನಕ್ಕ. "ನನ್ನ ಹದಿನೈದು ದಿನದ ಪಗಾರ ಇದರಾಗ ಇತ್ತು. ಅದೂ ಹೋತು ನೋಡು."

ಕೊನೆಯ ಹದಿನೈದು ದಿನದ ಕೂಲಿಯನ್ನು ಗುತ್ತಿಗೆದಾರ ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ಕೊನೆಗೂ ಕೊಡಲಿಲ್ಲವಂತೆ. ಅಪ್ಪ, ಅವ್ವ ಇಬ್ಬರದೂ. ಮಳೆ ಶುರುವಾಗಿತ್ತು, ಬಿತ್ತನೆ ಕಾಯುವುದಿಲ್ಲ, ಹಾಗೇ ಊರಿಗೆ ಬಂದುಬಿಟ್ಟರು. ನನಗೆ ಇದು ಗೊತ್ತೇ ಇರಲಿಲ್ಲ. ಆ ವರ್ಷ ಅವರು ಬರುವಾಗ ನನಗೆ ಒಂದು ಕಂಪಾಸ್ ಪೆಟ್ಟಿಗೆ ತಂದಿದ್ದರು. ಡಬ್ಬಿ ಚಿಕ್ಕದು ಅಂತ ನಾನು ಮುನಿಸಿಕೊಂಡಿದ್ದೆ.

ನೆರಳಲ್ಲಿ ನಾಲ್ಕೈದು ಜನ ಉಣ್ಣುತ್ತಿದ್ದರು. ಇಬ್ಬರು ಬಂಗಾಳದ ಕಡೆಯ ಹುಡುಗರು. ಒಬ್ಬಾಕೆ ಮಾತ್ರ ನಮ್ಮ ಮಾತು ಕೇಳಿ ತಲೆ ಎತ್ತಿದಳು. ಲಿಂಗಸೂಗೂರು ಕಡೆಯವಳು. ಅವಳ ಗಂಡ ಕಾವಲಿಗೂ ಇದ್ದ, ಕೆಲಸಕ್ಕೂ ಇದ್ದ. ಅಪ್ಪ ಹೋಗಿ ಮಣ್ಣಿನ ಮೇಲೇ ಕೂತ, ರೊಟ್ಟಿ ಗಂಟು ಬಿಚ್ಚಿದ. ಚಟ್ನಿ ಪುಡಿ ನೋಡಿ ಆ ಹೆಣ್ಣುಮಗಳ ಮುಖ ಅರಳಿತು.

ಅಪ್ಪ ಕೇಳಿದ್ದು ಎರಡೇ ಪ್ರಶ್ನೆ. ಮೊದಲನೆಯದು: "ಪಗಾರ ವಾರಕ್ಕೊಮ್ಮೆ ಕೊಡ್ತಾರೇನವ್ವಾ, ಬಾಕಿ ಇಟಗೋತಾರೋ?"

"ಶನಿವಾರಕ್ಕೊಮ್ಮೆ ಕೊಡ್ತಾರ್ರೀ. ಫೋನಿಗೆ ಹಾಕ್ತಾರ."

"ಹಂಗಾರ ಚಲೋ."

ಎರಡನೆಯದನ್ನು ಮರಳಿನ ಗುಡ್ಡೆಯ ಮೇಲೆ ಆಡುತ್ತಿದ್ದ ಆರೇಳು ವರ್ಷದ ಹುಡುಗಿಯನ್ನು ನೋಡಿ ಕೇಳಿದ. "ಈಕಿ ಸಾಲಿ?"

"ಊರಾಗ ನೋಡ್ಕೊಳ್ಳಾಕ ಯಾರೂ ಇಲ್ರೀ ಯಪ್ಪಾ."

ಅಪ್ಪ ಮುಂದೆ ಮಾತಾಡಲಿಲ್ಲ. ಹುಡುಗಿ ರೊಟ್ಟಿ ಮುರಿದು ತಿಂದಳು. ಹತ್ತಿರದ ಸರ್ಕಾರಿ ಶಾಲೆಗೆ ವರ್ಷದ ನಡುವೆಯೂ ಸೇರಿಸಬಹುದು, ಕಡ್ಡಾಯ ಶಿಕ್ಷಣದ ಕಾಯ್ದೆ ಪ್ರಕಾರ ದಾಖಲೆ ಪತ್ರ ಇಲ್ಲ ಅಂತ ವಾಪಸ್ ಕಳಿಸುವ ಹಾಗಿಲ್ಲ ಅಂತ ನಾನು ಆಕೆಗೆ ಹೇಳಿದೆ. ನನ್ನ ನಂಬರ್ ಕೊಟ್ಟೆ. ಆಕೆ ತಲೆ ಆಡಿಸಿದಳು. ಫೋನ್ ಮಾಡುತ್ತಾಳೋ ಇಲ್ಲವೋ ಗೊತ್ತಿಲ್ಲ, ಅದಕ್ಕೆ ಆಕೆಯ ನಂಬರನ್ನೂ ಬರೆದುಕೊಂಡು ಬಂದೆ.

ಮತ್ತೆ ಕೆರೆಗೆ

ಸಂಜೆ ಗೇಟು ತೆರೆಯುವ ಹೊತ್ತಿಗೆ ಮತ್ತೆ ಕೆರೆಗೆ ಬಂದೆವು. ಈ ಸಲ ಅಪ್ಪ ಗೇಟಿನಲ್ಲಿ ನಿಲ್ಲಲಿಲ್ಲ. ಬೆಳಗಿನ ಬೆಂಚೇ ಸಿಕ್ಕಿತು. ಶೇಂಗಾ ಕೊಂಡೆವು. ಕೇಳಲೋ ಬೇಡವೋ ಅಂತ ಅರ್ಧ ಪೊಟ್ಟಣ ಮುಗಿಯುವವರೆಗೆ ಯೋಚಿಸಿ ಕೊನೆಗೆ ಕೇಳಿಯೇಬಿಟ್ಟೆ.

"ಅಪ್ಪಾ, ತಮ್ಮನ್ನ ಕರಕೊಂಡು ಹೋದ್ರಿ. ನನ್ನ ಯಾಕ ಬಿಟ್ಟು ಹೋದ್ರಿ?"

ಅಪ್ಪ ನನ್ನ ಕಡೆ ನೋಡಿದ ರೀತಿ ಹೇಗಿತ್ತೆಂದರೆ, ಇಂಥ ಸುಲಭದ ಪ್ರಶ್ನೆ ಎಂಜಿನಿಯರಿಂಗ್ ಓದಿದವಳಿಗೆ ಯಾಕೆ ಬಂತು ಅನ್ನೋ ಥರ.

"ಅವಗ ಇನ್ನೂ ಸಾಲಿ ಇದ್ದಿದ್ದಿಲ್ಲ. ನಿನಗ ಇತ್ತು."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದ. "ಸಾಲ್ಯಾಗ ಬಿಸಿಯೂಟ ಚಾಲೂ ಆಗಿತ್ತು. ನಿನಗ ಒಂದು ಹೊತ್ತಿನ ಅನ್ನ ಅಲ್ಲೇ ಸಿಗತಿತ್ತು. ಅಜ್ಜಿ ಹತ್ರ ಇದ್ದ ಜ್ವಾಳ ಇಬ್ಬರಿಗೆ ಒಂದು ಹೊತ್ತಿಗೆ ಸಾಕು ಅಂತ ನಿಮ್ಮವ್ವ ಲೆಕ್ಕ ಹಾಕಿದ್ಲು. ತಮ್ಮನ್ನ ಏನು ಮೆರಿಸಾಕ ಕರಕೊಂಡು ಹೋಗಿದ್ವೇನು? ಪಾಯದ ಗುಂಡ್ಯಾಗ ಬೀಳ್ತಾನಂತ ನಿಮ್ಮವ್ವ ಹಳೇ ಸೀರಿಲೆ ಅವನ ಸ್ವಂಟ ಕಟ್ಟಿ ಕಂಬಕ್ಕ ಬಿಗದು ಕೆಲಸ ಮಾಡ್ತಿದ್ಲು. ಹಿಂಗ ಅಳತಿತ್ತು ಹುಡುಗ, ಊರ ಎಲ್ಲಾ ಕೇಳೂವಂಗ."

ಬಿಸಿಯೂಟ ನಮ್ಮ ರಾಜ್ಯದಲ್ಲಿ ಮೊದಲು ಶುರುವಾಗಿದ್ದು 2002ರಲ್ಲಿ, ಕೊಪ್ಪಳವೂ ಸೇರಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಅದಾದ ಮರುವರ್ಷವೇ ಅಪ್ಪ, ಅವ್ವ ಹೊರಟದ್ದು. ನನ್ನ ತಟ್ಟೆಯ ಅನ್ನ, ಸಾರು ನನಗೆ ಚೆನ್ನಾಗಿ ನೆನಪಿದೆ. ಅದು ನಾನು ಓದುವುದನ್ನು ನಿರ್ಧರಿಸಿದ ಲೆಕ್ಕದ ಒಂದು ಅಂಕಿ ಅನ್ನೋದು ಮಾತ್ರ ಗೊತ್ತಿರಲಿಲ್ಲ. ತಮ್ಮ ಮುಂದೆಯೂ ಎರಡು ಸಲ ಅವರ ಜೊತೆ ಗುಳೆ ಹೋದ. ಅವನ ಓದು ಅರ್ಧಕ್ಕೇ ನಿಂತಿತು. ಈಗ ನಾಲ್ಕೆಕರೆ ಅವನೇ ನೋಡಿಕೊಳ್ಳುತ್ತಾನೆ. ಬಿಟ್ಟುಹೋದದ್ದು ನನ್ನನ್ನು ಅಂತ ನಾನು ಅಂದುಕೊಂಡಿದ್ದೆ. ಕರೆದುಕೊಂಡು ಹೋದದ್ದಕ್ಕೆ ತೆರ ತೆತ್ತವನು ತಮ್ಮ. ಅವನು ಇದನ್ನು ಹೇಗೆ ಲೆಕ್ಕ ಹಾಕಿಕೊಂಡಿದ್ದಾನೋ, ನಾನು ಯಾವತ್ತೂ ಕೇಳಿಲ್ಲ.

ಈಗ ನಮ್ಮ ಕಡೆ ಗುಳೆ ನಿಂತಿದೆ ಅಂತಲ್ಲ. ಆದರೆ ಕೆರೆಗಳ ಬಗ್ಗೆ ಮಾತು ಬದಲಾಗಿದೆ. 2017ರಲ್ಲಿ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳನ್ನು ನಟ ಯಶ್ ಅವರ ಯಶೋಮಾರ್ಗ ತೆಗೆಸಿತು. 2019ರಲ್ಲಿ ಕೊಪ್ಪಳದ ಗವಿಮಠದ ಸ್ವಾಮೀಜಿ ಜನರನ್ನು ಕೂಡಿಸಿಕೊಂಡು ಹಿರೇಹಳ್ಳವನ್ನು ಸ್ವಚ್ಛ ಮಾಡಿಸಿದರು. ಇಲ್ಲಿ ಸ್ಯಾಂಕಿಯ ಪಕ್ಕದ ರಸ್ತೆಯಲ್ಲಿ ಮೇಲ್ಸೇತುವೆ ಕಟ್ಟಲು ಮರ ಕಡಿಯುತ್ತಾರೆ ಅಂದಾಗ, 2023ರಲ್ಲಿ ಸುತ್ತಲಿನ ನಿವಾಸಿಗಳು ಬೀದಿಗಿಳಿದು ವಿರೋಧಿಸಿದರು. ಎತ್ತರದ ಕಾಂಪೌಂಡಿನವರೂ ಕೆರೆಗಾಗಿ ಹೊರಗೆ ಬಂದರು ಅನ್ನೋದನ್ನು ಹೇಳಿದಾಗ ಅಪ್ಪನಿಗೆ ಖುಷಿಯಾಯಿತು. "ಕೆರಿ ಅಂದ್ರ ಹಂಗ. ಒಬ್ಬರ ಮನಿಗೆ ಸೇರಿದ್ದಲ್ಲ" ಅಂದ.

ಹೊತ್ತು ಮುಳುಗುವಾಗ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆವು. ಅವ್ವ ಎಮ್ಮೆ ಹಿಂಡುತ್ತಿದ್ದಳು, ಫೋನನ್ನು ತಮ್ಮ ಹಿಡಿದಿದ್ದ. ಅಪ್ಪ ಮನೆ ಕೆಡವಿದ ಸುದ್ದಿ ಹೇಳಿದ. "ಕೆಡವಲಿ ಬಿಡು, ಅದರ ಇಟ್ಟಂಗಿ ಹೊತ್ತು ನನ್ನ ಸ್ವಂಟ ಹೋಗೇತಿ" ಅಂದಳು ಅವ್ವ. ಅಪ್ಪ ಫೋನು ತಿರುಗಿಸಿ ನೀರು ತೋರಿಸಿದ. ಅವ್ವ ಕೈ ಒರೆಸಿಕೊಂಡು ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿದಳು.

"ಅದ ಕೆರಿ ಅಲ್ಲೇನು? ಬೇಲಿ ಹೊರಗ ಅದೀರೋ, ಒಳಗೋ?"

"ಒಳಗ" ಅಂದ ಅಪ್ಪ.

ಸೆಕ್ಯುರಿಟಿಯವರು ಸೀಟಿ ಊದಿ ಎಬ್ಬಿಸುವವರೆಗೂ ನಾವು ಅಲ್ಲೇ ಕೂತಿದ್ದೆವು.